ಅಂಕದ ಹುಂಜ ಬೇಯುವ ತನಕ

ಕೆರಿಯ ತೀರಿಕೊಂಡು ನಾಲ್ಕು ತಿಂಗಳಾಯಿತು. ಅವನು ಸುಳ್ಳು ಹೇಳುತ್ತಿರಲಿಲ್ಲ ಎಂದು ಬರೆದರೆ ಓದಿದವರಿಗೆ ಅವನೊಬ್ಬ ಸಾಧು ಮನುಷ್ಯ ಎನ್ನಿಸೀತು. ಹಾಗೇನೂ ಇರಲಿಲ್ಲ. ಸಿಟ್ಟಿನವನು, ಬೀಡಿ ಬಿಡಲಾಗದವನು, ಇಸ್ಪೀಟಿನಲ್ಲಿ ಸೋತರೆ ಎರಡು ದಿನ ಮಾತು ಬಿಡುವವನು. ಆದರೆ ಯಾರಾದರೂ ಏನಾದರೂ ಕೇಳಿದರೆ, ಕೇಳಿದ್ದಕ್ಕೂ ಅವನು ಹೇಳುವುದಕ್ಕೂ ನಡುವೆ ಸುಳ್ಳು ಹುಟ್ಟುವಷ್ಟು ಹೊತ್ತು ಇರುತ್ತಿರಲಿಲ್ಲ, ಅಷ್ಟೆ. ಬನ್ನು ಕೊಳ್ಳಲು ಬಂದವರು "ಇವತ್ತಿಂದನಾ?" ಎಂದರೆ "ನಿನ್ನೇದು" ಎನ್ನುವ ಇನ್ನೊಬ್ಬ ಬೇಕರಿಯವನನ್ನು ಶಿರಸಿಯಲ್ಲಿ ನಾನು ಕಂಡಿಲ್ಲ.

ನಾವಿಬ್ಬರೂ ಸಿದ್ದಾಪುರದಾಚೆಯ ಒಂದೇ ಶಾಲೆಯಲ್ಲಿ ಓದಿದವರು. ಹತ್ತನೆಯ ಇಯತ್ತೆಯಲ್ಲಿ ಅವನು ನಪಾಸಾಗಿ ಶಿರಸಿಯ ಬೇಕರಿಯೊಂದಕ್ಕೆ ಹಿಟ್ಟು ನಾದಲು ಸೇರಿದ. ನಾನು ಓದಿ ಅದೇ ಊರಿನ ವಾಚನಾಲಯದಲ್ಲಿ ಕೆಲಸಕ್ಕೆ ಕುಳಿತೆ. ಹನ್ನೆರಡು ವರ್ಷ ಬೇರೆಯವರ ಹಿಟ್ಟು ನಾದಿದ ಮೇಲೆ ಕೆರಿಯ ಯಲ್ಲಾಪುರ ರಸ್ತೆಯ ಪಕ್ಕದ ತನ್ನ ಮನೆಯ ಹಿತ್ತಿಲಲ್ಲಿ ಸ್ವಂತ ಭಟ್ಟಿ ಕಟ್ಟಿದ. ಇಟ್ಟಿಗೆ ಮಣ್ಣಿನದು, ಬೋರಲು ಹಾಕಿದ ದೊಡ್ಡ ಬುಟ್ಟಿಯ ಹಾಗೆ. ನಸುಕಿನಲ್ಲಿ ಒಳಗೆ ಕಟ್ಟಿಗೆ ಉರಿಸಿ, ಕೆಂಡ ಎಳೆದು ಹಾಕಿ, ಗೋಡೆಗಳು ಹಿಡಿದಿಟ್ಟುಕೊಂಡ ಕಾವಿನಲ್ಲಿ ಪಾವು ಬೇಯಿಸುತ್ತಿದ್ದ. ಅವನ ಬಲಗೈಯಲ್ಲಿ ಮೊಣಕೈವರೆಗೆ ಒಂದು ರೋಮವೂ ಇರಲಿಲ್ಲ. ಕೈಯನ್ನು ಭಟ್ಟಿಯೊಳಗೆ ಚಾಚಿ ಎಣಿಸುವುದೇ ಅವನ ಮಾಪನ. ಹತ್ತು ಎಣಿಸುವಷ್ಟರಲ್ಲಿ ಕೈ ತೆಗೆಯಬೇಕಾಯಿತೆಂದರೆ ಪಾವಿನ ಕಾವು. ಇಪ್ಪತ್ತಾದರೆ ಬಿಸ್ಕೀಟಿನದು. ಮೂವತ್ತಾದರೆ ಕೋಳಿಯದು.

ರವಿವಾರಗಳಂದು ಪಾವು ತೆಗೆದ ಮೇಲೆ ಉಳಿದ ಕಾವಿನಲ್ಲಿ ಮಣ್ಣಿನ ಗಡಿಗೆಯಿಟ್ಟು ಕೋಳಿ ಬೇಯಿಸುತ್ತಿದ್ದ. ನಾನು ಹವ್ಯಕರ ಮನೆಯವನು, ಅದನ್ನು ತಿಂದವನಲ್ಲ. ಆದರೆ ವರ್ಷಗಟ್ಟಲೆ ಪಕ್ಕದಲ್ಲಿ ಕುಳಿತು ನೋಡಿದ್ದರಿಂದ ಕ್ರಮ ಬಾಯಿಪಾಠವಾಗಿದೆ. ಕೊತ್ತಂಬರಿ, ಕಾಳುಮೆಣಸು, ಬ್ಯಾಡಗಿ ಮೆಣಸು, ಬೆಳ್ಳುಳ್ಳಿ ಹುರಿದು ಅರೆಯುವುದು. ಮಾಂಸಕ್ಕೆ ಉಪ್ಪು, ಅರಿಶಿನ ಸವರುವುದು. ಗಡಿಗೆಯ ತಳಕ್ಕೆ ಹೆಚ್ಚಿದ ನೀರುಳ್ಳಿ, ಮೇಲೆ ಮಾಂಸ, ಇಡೀ ಬಟಾಟೆ, ಅರೆದ ಮಸಾಲೆ, ಮುಳುಗುವಷ್ಟು ಕಾಯಿಹಾಲು. ಮುಚ್ಚಳವಿಟ್ಟು ಅಂಚಿನ ಸುತ್ತ ಮೈದಾ ಕಣಕ ಮೆತ್ತುವುದು. ಮೆತ್ತಿದ ಮೇಲೆ ಮುಗಿಯಿತು. ರುಚಿ ನೋಡುವಂತಿಲ್ಲ, ಉಪ್ಪು ಹಾಕುವಂತಿಲ್ಲ. ನಡುವೆ ತೆಗೆದರೆ ಹಬೆ ಹೋಗಿ, ಮತ್ತೆ ಎಷ್ಟು ಬೇಯಿಸಿದರೂ ಮಾಂಸ ಬಿರುಸೇ.

ಅಂಥ ಒಂದು ಗಡಿಗೆಯ ಮೇಲೆ ಅವನ ಇಡೀ ಬಳಗ ನಿಂತ ದಿನದ ಕತೆ ಇದು. ೨೦೦೧ರ ಮಾರ್ಚ್.

ಅದಕ್ಕೆ ಎಂಟು ವರ್ಷ ಹಿಂದೆ ಕೆರಿಯ ಹಬ್ಬಕ್ಕೆಂದು ಊರಿಗೆ ಹೋಗಿದ್ದಾಗ ಅರಣ್ಯ ಇಲಾಖೆಯವರು ಬಂದರು. ಕಾಡಿನಲ್ಲಿ ಹಂದಿಗೆ ಗುಂಡು ಬಿದ್ದಿತ್ತು, ನಾಡ ಬಂದೂಕೊಂದು ಹುಲ್ಲಿನ ಬಣವೆಯಲ್ಲಿ ಸಿಕ್ಕಿತ್ತು. ಯಾರದೆಂದು ಕೇಳಿದರೆ ಊರಿನ ಮೂವತ್ತು ಜನವೂ ಗೊತ್ತಿಲ್ಲ ಎಂದರು. ಕೆರಿಯನನ್ನು ಕೇಳಿದರು. "ನಮ್ಮಣ್ಣಂದು" ಎಂದ.

ಅಣ್ಣ ಮಾಸ್ತಿ ಇಪ್ಪತ್ತೊಂದು ದಿನ ಒಳಗಿದ್ದು ಬಂದ. ಆಮೇಲೆ ಎರಡು ವರ್ಷ ಕೋರ್ಟಿಗೆ ಅಲೆದ. ತಮ್ಮನ ಮನೆಯ ನೀರು ಮುಟ್ಟುವುದಿಲ್ಲ, ತನ್ನ ಅಂಗಳಕ್ಕೆ ಅವನು ಕಾಲಿಡುವಂತಿಲ್ಲ ಎಂದು ಊರೆದುರು ಹೇಳಿದ. "ಯಾಕೆ ಹೇಳಿದೆ ಮಾರಾಯ?" ಎಂದು ನಾನೊಮ್ಮೆ ಕೇಳಿದ್ದೆ. "ಕೇಳಿದ್ರು, ಹೇಳಿದೆ. ಯೋಚನೆ ಬಂದಿದ್ದು ಆಮೇಲೆ" ಎಂದ. ಅವನು ಮಾಡಿದ್ದು ಸರಿಯೋ ತಪ್ಪೋ, ನನಗೆ ಇವತ್ತಿಗೂ ತೀರ್ಮಾನವಾಗಿಲ್ಲ.

ಮಾಸ್ತಿಯ ಹಿರಿ ಮಗಳು ಬಂಗಾರಿಯ ಮದುವೆ ಕೂಡಿ ಬಂತು. ಕೆರಿಯ, ಮಂಜಿ ದಂಪತಿಗೆ ಮಕ್ಕಳಿಲ್ಲ. ಬಂಗಾರಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಬೆಳೆಸಿದವನು ಕೆರಿಯ. ಚಿಕ್ಕಪ್ಪ ಬರದಿದ್ದರೆ ತಾನು ಚಪ್ಪರಕ್ಕೆ ಬರುವುದಿಲ್ಲ ಎಂದು ಹುಡುಗಿ ಹಠ ಹಿಡಿದಳು. ಊರಿನ ಹಿರಿಯರು ಕೂತು ಹಳೆಯ ಪದ್ಧತಿ ಹೇಳಿದರು. ನೀರು ಬಿಟ್ಟವನು ಕೋಳಿ ತೆಗೆದುಕೊಂಡು ಹೋಗಬೇಕು. ಇನ್ನೊಬ್ಬ ತನ್ನ ಮನೆಯಲ್ಲಿ ಅದನ್ನು ಅಡಿಗೆ ಮಾಡಬೇಕು. ಇಬ್ಬರೂ ಅಲ್ಲೇ ಒಂದೇ ಗಡಿಗೆಯಿಂದ ಉಣ್ಣಬೇಕು. ಉಂಡರೆ ಹಳೆಯದೆಲ್ಲ ಮುಗಿಯಿತು. ಎಲೆಯಲ್ಲಿ ಒಂದು ತುಂಡು ಬಿಟ್ಟು ಎದ್ದರೂ ಬಳಗ ಅಲ್ಲಿಗೆ ಕಡಿದು ಹೋದ ಲೆಕ್ಕ.

ಮಾಸ್ತಿ ಒಪ್ಪಿದ. ಆದರೆ ಗಂಡಿನ ಕಡೆಯವರು ವೀಳ್ಯಶಾಸ್ತ್ರಕ್ಕೆ ಬರುವ ದಿನವನ್ನೇ ಆರಿಸಿಕೊಂಡ. ಬೆಳಿಗ್ಗೆ ಒಂಬತ್ತೂವರೆಗೆ ಶಿರಸಿಯಲ್ಲಿ ಇಳಿದವನು ಅಂಗಳದಲ್ಲಿ ನಿಂತು ಕಂಕುಳಿನ ಚೀಲ ಬಿಚ್ಚಿದ. ಒಳಗಿದ್ದದ್ದು ಕೋಳಿ ಅಂಕದಲ್ಲಿ ಕಾದಾಡಿದ ಮುದಿ ಹುಂಜ. ಒಂದು ಕಣ್ಣಿಲ್ಲ. ಕಾಲಿನ ಮುಳ್ಳು ನನ್ನ ಕಿರುಬೆರಳಿನಷ್ಟು ಉದ್ದ.

"ಒಂದೂವರೆ ಬಸ್ಸಿಗೆ ನಾ ಹೊಂಟೆ. ಅದು ತಪ್ಪಿದ್ರೆ ನಮ್ಮೂರಿಗೆ ಬೇರೆ ಬಸ್ಸಿಲ್ಲ. ಸಂಜಿಗೆ ನೆಂಟ್ರು ಬತ್ರು" ಎಂದು ಮಂಜಿಗೆ ಹೇಳಿದ.

ಮಂಜಿ ಹುಂಜವನ್ನು ಎತ್ತಿ ತೂಗಿ ನೋಡಿದಳು. ಹಿತ್ತಿಲಿಗೆ ಬಂದವಳೇ ಗಂಡನಿಗೆ ಪಿಸುಗುಟ್ಟಿದಳು. "ಇದು ಒಲೆ ಮ್ಯಾಲೆ ಸಂಜಿಗಂಟ ಬೇಯೂದಿಲ್ಲ. ಭಾವ ಬೇಕಂದೇ ತಂದಾನೆ. ಕುಕ್ಕರಿಗೆ ಹಾಕಾನ, ಹತ್ತು ಸೀಟಿ ಹೊಡಸಾನ."

"ನಿನ್ನ ಕುಕ್ಕರಲ್ಲಿ ಇದರ ಒಂದು ಕಾಲು ಹಿಡೀತದೆ. ಅದೂ ನಾರಾಗ್ತದೆ. ಅಣ್ಣ ಒಂದು ತುಂಡು ಉಗಿದ್ರೆ ಮುಗೀತಲ" ಎಂದ ಕೆರಿಯ.

ಭಟ್ಟಿಗೆ ಕೈ ಚಾಚಿದ. ನಾನೂ ಮನಸ್ಸಿನಲ್ಲೇ ಎಣಿಸಿದೆ. ಇಪ್ಪತ್ತೆರಡಕ್ಕೆ ತೆಗೆದ. ಕಾವು ಬೇಕಾದ್ದಕ್ಕಿಂತ ಹೆಚ್ಚಿತ್ತು. ಅದೇ ಒಳ್ಳೆಯದು ಎಂದ. ಗಡಿಗೆ ಒಳಗೆ ಹೋದಾಗ ಹತ್ತೂ ಮುಕ್ಕಾಲು. ಸಾಮಾನ್ಯ ಊರುಕೋಳಿಗೆ ಎರಡು ತಾಸು ಸಾಕು. ಇದಕ್ಕೆ ಎಷ್ಟು ಬೇಕೆಂದು ನಾನು ಕೇಳಲಿಲ್ಲ. ಕೇಳಿದರೆ ಹೇಳಿಬಿಡುತ್ತಾನೆ ಎಂದು ಹೆದರಿದ್ದೆ.

ನನ್ನನ್ನು ಕರೆಸಿದ್ದು ಜಗಲಿಯ ಮೇಲೆ ಮಾಸ್ತಿಯ ಜೊತೆ ಮಾತಾಡುತ್ತಿರಲಿಕ್ಕೆ. ಮಾತು ಎಲ್ಲಿಂದ ತರುವುದು? ಭತ್ತ, ಮಳೆ, ಬಸ್ಸಿನ ದರ ಎಲ್ಲವೂ ಕಾಲು ಗಂಟೆಯಲ್ಲಿ ಮುಗಿದವು. ಮಂಜಿ ತಂದಿಟ್ಟ ಬೆಲ್ಲ, ನೀರು ಅವನ ಪಕ್ಕದಲ್ಲೇ ಇದ್ದವು. ಮಾರ್ಚಿನ ಬಿಸಿಲು. ಅವನ ತುಟಿ ಒಣಗಿದ್ದು ಕಾಣುತ್ತಿತ್ತು. ಆದರೂ ಮುಟ್ಟಲಿಲ್ಲ. ಬೆಲ್ಲಕ್ಕೆ ಇರುವೆ ಹತ್ತಿದವು.

"ಭಟ್ರೆ, ನೀವು ಈ ಮನಿಗೆ ಎಷ್ಟು ವರ್ಷದಿಂದ ಬತ್ರಿ?"

"ಹದಿನೈದಾಯ್ತು, ಮಾಸ್ತಣ್ಣ."

"ಇಲ್ಲಿ ನೀರು ಕುಡದ್ರ ಯಾವತ್ತಾರೂ?"

ಒಳಗೆ ಮಂಜಿಯ ಬಳೆಯ ಸದ್ದು ನಿಂತಿತು. ನಾನು ಚಹಾ ಕುಡಿದಿದ್ದೇನೆ, ಪಾವು ತಿಂದಿದ್ದೇನೆ. ಹಾಗೆಂದೆ.

"ಅನ್ನ?"

ಇಲ್ಲವೆಂದು ತಲೆ ಅಲ್ಲಾಡಿಸಿದೆ.

"ಮತ್ತೆ! ನೀವು ಎಂತದೂ ಆಗದೇ ಹದಿನೈದು ವರ್ಷ ಉಣ್ಲಿಲ್ಲ. ನಾ ಜೈಲಿಗೆ ಹೋಗಿ ಎಂಟು ವರ್ಷ ಉಣ್ಲಿಲ್ಲ. ಇಬ್ರಲ್ಲಿ ಯಾರು ಕೆಟ್ಟವ್ರು?" ಎಂದು ನಕ್ಕ. ಆ ನಗು ನನ್ನ ಮೇಲಲ್ಲ, ಹಿತ್ತಿಲಿನ ಕಡೆಗಿತ್ತು.

ಹನ್ನೆರಡಾಯಿತು. ಮಸಾಲೆಯ ವಾಸನೆ ಅಂಗಳಕ್ಕೆ ಬಂತು. ಹನ್ನೆರಡೂವರೆಗೆ ಮಂಜಿ ಎರಡು ಬಾಳೆಲೆ ತೊಳೆದು ತಂದಳು. ಕೆರಿಯ ಭಟ್ಟಿಯ ಬಾಯಿ ಬಿಟ್ಟು ಕದಲಲಿಲ್ಲ. ತಗಡು ಸರಿಸಿ, ಕಣಕದ ಬಣ್ಣ ನೋಡಿ, ಮುಚ್ಚುತ್ತಿದ್ದ. ಒಂದು ಗಂಟೆಗೆ ಮಾಸ್ತಿ ತಾನೇ ಎದ್ದು ಹಿತ್ತಿಲಿಗೆ ಹೋದ. ಎಂಟು ವರ್ಷಗಳಲ್ಲಿ ಅಣ್ಣ ತಮ್ಮಂದಿರು ಎದುರುಬದುರು ನಿಂತದ್ದು ಅದೇ ಮೊದಲು.

"ಬೆಂತನಾ?"

ಕೆರಿಯ ಬಾಯಿ ತೆರೆಯುವ ಮೊದಲೇ ನಾನು ನಡುವೆ ನುಗ್ಗಿದೆ. "ಆಗಿರಬೇಕು ಮಾಸ್ತಣ್ಣ. ಘಮ ಬಂತಲ್ಲ. ಇಳಿಸಿಬಿಡೋ ಕೆರಿಯ, ಬಡಿಸು."

"ಇಲ್ಲ. ಇನ್ನೂ ಒಂದು ತಾಸು ಬೇಕು" ಎಂದ ಕೆರಿಯ.

ಮಂಜಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಈ ಭಟ್ರಿಗಾರೂ ಬುದ್ಧಿ ಅದೆ" ಎಂದ ಮಾಸ್ತಿ. "ಆತು ಅಂದಿದ್ರೆ ನಾ ಕೂರ್ತಿದ್ದೆ. ಅವತ್ತೂ ನೀ ಹಿಂಗೇ. ಗೊತ್ತಿಲ್ಲ ಅನ್ನೋ ಒಂದು ಮಾತು ನಿನ್ನ ಬಾಯಾಗೆ ಹುಟ್ಲಿಲ್ಲ."

"ಬೆಂದಿಲ್ಲಣ್ಣ. ಬೆಂದಿದ್ರೆ ಹೇಳ್ತಿದ್ದೆ."

ಮಾಸ್ತಿ ಜಗಲಿಗೆ ಬಂದು ಚಪ್ಪಲಿ ಮೆಟ್ಟಿದ. ಖಾಲಿ ಚೀಲ ಮಡಿಚಿ ಕಂಕುಳಿಗೆ ಇಟ್ಟುಕೊಂಡು ಗೇಟು ದಾಟಿದ. ಮಂಜಿ "ಭಾವಾ!" ಎಂದಳು. ಅವನು ತಿರುಗಲಿಲ್ಲ.

ಹಿತ್ತಿಲಲ್ಲಿ ಏನೋ ದಡಬಡ ಸದ್ದಾಯಿತು. ಕೆರಿಯ ಪಾವು ಎಳೆಯುವ ಉದ್ದ ಹಿಡಿಕೆಯ ಹಲಗೆಯಿಂದ ಗಡಿಗೆಯನ್ನು ಹೊರಗೆಳೆದಿದ್ದ. ಕಣಕ ಒಡೆಯಲಿಲ್ಲ. ನಾಲ್ಕು ಗೋಣಿಚೀಲ ಸುತ್ತಿದ, ಮೇಲೆ ಕಂಬಳಿ ಸುತ್ತಿದ, ಹಗ್ಗ ಬಿಗಿದ.

"ಎಂತ ಮಾಡ್ತೀಯೋ?" ಎಂದೆ.

"ಮಣ್ಣಿನ ಗಡಿಗೆ. ಕಣಕ ಒಡೀದಿದ್ರೆ ಒಳಗೆ ಎರಡು ತಾಸು ಕುದೀತದೆ. ಬಸ್ಸಿಗೂ ಎರಡು ತಾಸೇ."

ಎದೆಗೆ ಅವುಚಿಕೊಂಡು ನಡೆದ. ಓಡುವಂತಿರಲಿಲ್ಲ, ಅಲುಗಿದರೆ ಕಣಕ ಬಿರಿಯುತ್ತದೆ. ಬಿರುಸಾಗಿ, ಮೈ ಅಲುಗಿಸದೆ, ಅಣ್ಣನ ಹಿಂದೆ ಐವತ್ತು ಹೆಜ್ಜೆ ಅಂತರದಲ್ಲಿ. ನಾನು ಅವನ ಹಿಂದೆ. ಬಸ್‌ಸ್ಟ್ಯಾಂಡು ಮುಟ್ಟುವ ಹೊತ್ತಿಗೆ ಬಸ್ಸು ಶುರುವಾಗಿತ್ತು. ಮಾಸ್ತಿ ಕಿಟಕಿಯ ಪಕ್ಕ ಕುಳಿತು ಆಚೆ ಮುಖ ಮಾಡಿದ್ದ. ಕೆರಿಯ ಹತ್ತಿ, ನಡುವೆ ನಿಂತ. ಕಂಡಕ್ಟರು ಹಾವೇರಿ ಕಡೆಯವನು.

"ಏನ್ರೀ ಅದು, ಹೊಗಿ ಆಡಾಕ್ಹತ್ತೈತಿ?"

"ಕೋಳಿ."

"ಕೋಳಿಗೆ ಅರ್ಧ ಟಿಕೀಟ ಐತ್ರಿ."

"ಜೀವ ಇಲ್ಲ ಇದಕ್ಕೆ. ಅಡಿಗೆ."

"ಅಡಿಗಿ ಆಗೇತೇನು?"

"ಇಲ್ಲ, ಇನ್ನೂ ಬೆಂದಿಲ್ಲ" ಎಂದ ಕೆರಿಯ.

"ಹಂಗಾರ ಅದು ಕೋಳಿನ. ತಗೋರಿ ಅರ್ಧ ಟಿಕೀಟ."

ಬಸ್ಸೆಲ್ಲ ನಕ್ಕಿತು. ಮಾಸ್ತಿ ನಗಲಿಲ್ಲ, ತಿರುಗಿ ನೋಡಲೂ ಇಲ್ಲ. ಬಸ್ಸು ಹೊರಟಿತು. ನಾನು ಹಿಂದಿರುಗಿ ಮಂಜಿಗೆ ಏನು ಹೇಳಬೇಕೆಂದು ತಿಳಿಯದೆ ವಾಚನಾಲಯಕ್ಕೆ ಹೋಗಿ ಕುಳಿತೆ. ಅವತ್ತು ಎಷ್ಟು ಪುಸ್ತಕಗಳ ಮೇಲೆ ತಪ್ಪು ತಾರೀಖು ಒತ್ತಿದೆನೋ.

ಮಾರನೆಯ ದಿನ ಮಧ್ಯಾಹ್ನ ಕೆರಿಯ ಬಂದ. ಎರಡೂ ಮುಂಗೈಗಳಲ್ಲಿ ಬೊಬ್ಬೆ.

"ಎಂತಾಯ್ತೋ?"

"ಬೆಂದಿರಲಿಲ್ಲ."

"ಅಣ್ಣ ಉಂಡ್ನಾ?"

"ಉಂಡ" ಎಂದ. ಅಷ್ಟು ಹೇಳಿ ಹಿಟ್ಟು ಕಲಸಬೇಕೆಂದು ಹೊರಟುಹೋದ. ಮದುವೆಯಲ್ಲಿ ಬಂಗಾರಿಯ ಪಕ್ಕ ಚಿಕ್ಕಪ್ಪನಾಗಿ ಅವನು ಮಸಿ ಹತ್ತದ ಬಿಳಿ ಅಂಗಿ ತೊಟ್ಟು ನಿಂತಿದ್ದನ್ನು ನಾನೇ ಕಣ್ಣಾರೆ ಕಂಡೆ.

ಹೆಚ್ಚಿನದು ತಿಳಿದದ್ದು ಕೆರಿಯನ ಹನ್ನೊಂದನೆಯ ದಿನ. ಮೂರೇ ದಿನದ ಜ್ವರಕ್ಕೆ ಹೋಗಿಬಿಟ್ಟ. ಐವತ್ತು ತುಂಬಿರಲಿಲ್ಲ. ಜನ ಎದ್ದು ಹೋದ ಮೇಲೆ ಅದೇ ಜಗಲಿಯಲ್ಲಿ ಮಾಸ್ತಿ ನನ್ನ ಪಕ್ಕ ಕುಳಿತ. ನಾನು ಕೇಳಿರಲಿಲ್ಲ, ತಾನೇ ಹೇಳತೊಡಗಿದ.

"ಬಸ್ಸಲ್ಲಿ ಆ ತಿರುವುಗಳಲ್ಲಿ ನಿಂತಾಂವ ಜೋಲಿ ಹೊಡೀತಿದ್ದ, ಭಟ್ರೆ. ಗಡಿಗೆ ಬಿಟ್ಟು ಕಂಬಿ ಹಿಡಿಯಾಂವಲ್ಲ. ಬಿದ್ರೆ ಮಕ ಸುಟ್ಕಂತಿದ್ದ. ಅಂಗಿ ಹಿಡ್ದು ಎಳ್ದು ಕೂರ್ಸ್ದೆ. ಒಬ್ಬನ ತೊಡಿ ಮ್ಯಾಲೆ ಇಟ್ಕಳೂಕೆ ಆಗೂದಿಲ್ಲ, ಸುಡ್ತದೆ. ಅರ್ಧ ಅವನ ತೊಡಿ, ಅರ್ಧ ನನ್ನದು. ಮನಿಗಂಟ ಒಂದು ಮಾತಿಲ್ಲ."

"ಊರಲ್ಲಿ ಹಿರಿಯರು ಒಪ್ಪಿದ್ರಾ? ಅವನ ಮನೆಯಲ್ಲೇ ಉಣ್ಣಬೇಕು ಅಂದಿದ್ರಲ್ಲ."

"ಗಡಿಗೆ ಅವನದು, ಕಾವು ಅವನದು, ಎಲ್ಲಿ ಉಂಡ್ರೆಂತ ಅಂದೆ. ವೆಂಕಮ್ಮ ಎಲೆ ಹಾಕಿದ್ಲು, ಕಣಕ ಒಡದ್ಲು." ವೆಂಕಮ್ಮ ಅವನ ಹೆಂಡತಿ. "ಕಾಲಿನ ತುಂಡು ನಂಗೆ ಬಿತ್ತು. ಊರೆಲ್ಲ ನನ್ನ ಬಾಯೇ ನೋಡ್ತಿತ್ತು. ಇನ್ನೇನು ಬಾಯಿಗೆ ಇಡ್ಬೇಕು, ಇವ ತನ್ನ ತುಂಡು ಒತ್ತಿ ನೋಡಿ ಹೇಳ್ತ, ಅಣ್ಣ, ಇನ್ನೂ ಸ್ವಲ್ಪ ಬೇಕಿತ್ತು ಅಂತ! ಊರೆದುರಿಗೆ! ಬಾಯಿ ಮುಚ್ಚಿ ಉಣ್ಣಾ ಅಂದೆ."

ಮಾಸ್ತಿ ಪಂಚೆಯ ತುದಿಯಿಂದ ಮುಖ ಒರೆಸಿಕೊಂಡ.

"ಚಪ್ಪಲಿ ಅಗದಾಂಗಿತ್ತು, ಭಟ್ರೆ. ಗಂಡಿನ ಕಡೇರು ಅಂಗಳಕ್ಕೆ ಬಂದು ಕಾಲು ತೊಳದ್ರೂ ನಾ ಅಗೀತೇ ಇದ್ದೆ. ಎಲಿಯಾಗೆ ಮೂಳೆ ಬಿಟ್ಟು ಎಂತದೂ ಬಿಡ್ಲಿಲ್ಲ."