ಜೈಲಿಗೆ ಹೋಗೋ ಅಳಿಯ

ಸ್ವಾತಂತ್ರ್ಯ ಹೋರಾಟದ ಕಾಲದ ನಾಯಕರೊಬ್ಬರ ಮದುವೆಯ ದೃಶ್ಯವನ್ನು ಹಿರೇಗುಂಟನೂರಿನಲ್ಲಿ ಚಿತ್ರೀಕರಿಸುತ್ತಿದ್ದೆವು. ನಾನು ಸಹಾಯಕ ನಿರ್ದೇಶಕ. ಹೆಣ್ಣಿನ ಅಪ್ಪನ ಪಾತ್ರಕ್ಕೆ ಅದೇ ಊರಿನ ಕುರಿ ಕಾಯುವ ಈರಣ್ಣಜ್ಜನನ್ನು ಒಪ್ಪಿಸಿದ್ದೆ. ಮಾತೇನೂ ಇರಲಿಲ್ಲ, ಧಾರೆ ಎರೆದರೆ ಸಾಕಿತ್ತು.

ಕ್ಯಾಮೆರಾ ಶುರುವಾದರೂ ಅಜ್ಜ ಚೊಂಬು ಬಗ್ಗಿಸಲಿಲ್ಲ. ನನ್ನತ್ತ ತಿರುಗಿ, “ಹುಡುಗ ಏನ್ ಕೆಲ್ಸ ಮಾಡ್ತಾನೆ?” ಅಂದರು.

“ದೇಶಸೇವೆ ಅಜ್ಜ. ಆಗಾಗ ಜೈಲಿಗೂ ಹೋಗ್ತಾರೆ.”

“ಜೈಲಿಗೆ ಹೋಗೋನಿಗೆ ಹೆಣ್ಣು ಕೊಡಾಕಾಗಲ್ಲ ಬಿಡಪ್ಪ!”

ಬಿಸಿಲು ಇಳಿಯುತ್ತಿತ್ತು. ನಿರ್ದೇಶಕರು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು. ಇದು ಬರೀ ಸಿನಿಮಾ ಅಂದರೂ ಅಜ್ಜ ಜಗ್ಗಲಿಲ್ಲ. “ಸಿನಿಮಾ ಆದ್ರೇನು, ಊರೋರೆಲ್ಲ ನೋಡಲ್ವ? ನನ್ ಮರ್ಯಾದೆ ಏನಾಗ್ಬೇಕು?”

ಕೊನೆಗೆ ಹೀರೋನೇ ಪೇಟ ಸಮೇತ ಅವರ ಕಾಲಿಗೆ ಬಿದ್ದು, “ಚೆನ್ನಾಗಿ ನೋಡ್ಕೊಳ್ತೀನಿ ಮಾವ” ಅಂದ. ಅಜ್ಜ ಕಣ್ಣೊರೆಸಿಕೊಂಡು ಧಾರೆ ಎರೆದರು. ಶಾಟ್ ಓಕೆ ಆಯಿತು.

ಪ್ಯಾಕಪ್ ಆದಮೇಲೆ ಹೀರೋ, ಹೀರೋಯಿನ್ ತಂತಮ್ಮ ಕಾರು ಹತ್ತಿ ಹೊರಟರು. ಅಜ್ಜ ಓಡಿಬಂದು ನನ್ನ ತೋಳು ಹಿಡಿದರು.

“ಏನಪ್ಪ, ಬ್ಯಾರೆ ಬ್ಯಾರೆ ಕಾರಾಗೆ ಹೋಗ್ತಾವ್ರೆ? ಆಗ್ಲೇ ಜಗಳಾನ?”

ಅವರನ್ನು ಸಮಾಧಾನ ಮಾಡುವಷ್ಟರಲ್ಲಿ ನಮ್ಮ ತಂಡದ ಬಸ್ಸು ನನ್ನನ್ನು ಬಿಟ್ಟು ಹೋಗಿತ್ತು. ಅಜ್ಜನ ಪಾಲಿಗೆ ನಾನು ಗಂಡಿನ ಕಡೆಯವನು ಅಂದಮೇಲೆ ಇಷ್ಟಾದರೂ ಅನುಭವಿಸಬೇಕಲ್ಲ.