ಇಪ್ಪತ್ತೆರಡು ಕಂಪ್ಯೂಟರ್‌ಗಳ ಗೇಟಕ್ಕ

ಬೆಳಕು ಇನ್ನೂ ಕಣ್ಣುಜ್ಜಿಕೊಳ್ಳುತ್ತಿರುವ ಹೊತ್ತು. ಶಾಲೆಯ ಉದ್ದನೆಯ ಮೊಗಸಾಲೆಯಲ್ಲಿ ಮೊದಲು ಬೀಗದಕೈ ಗೊಂಚಲಿನ ಸದ್ದು ಬರುತ್ತದೆ. ಅದರ ಹಿಂದೆ, ಬಲಗಾಲನ್ನು ತುಸು ಎಳೆದು ಹಾಕುತ್ತ ಗೇಟಕ್ಕ ಬರುತ್ತಾರೆ. ಕೊನೆಯ ಕೋಣೆಯ ಬಾಗಿಲು ತೆರೆದು, ಕಿಟಕಿಗಳ ಚಿಲಕ ತೆಗೆದು, ಇಪ್ಪತ್ತೆರಡು ಕಂಪ್ಯೂಟರ್‌ಗಳನ್ನು ಒಂದೊಂದಾಗಿ ಎಬ್ಬಿಸುತ್ತಾರೆ. ಹತ್ತೊಂಬತ್ತನೆಯದು ಶುದ್ಧ ಸೋಮಾರಿ, ತಲೆಗೊಂದು ಮೆತ್ತನೆಯ ಏಟು ಬೀಳದೆ ಏಳುವುದಿಲ್ಲ. “ಏಳಪ್ಪಾ ಮಹಾರಾಯ, ಎಷ್ಟು ಸಲ ಕರೀಲಿ?”

ಆಮೇಲೆ ಮಕ್ಕಳ ಕುರ್ಚಿಯೊಂದನ್ನು ಎಳೆದು, ಮೊಣಕಾಲು ಗದ್ದಕ್ಕೆ ತಾಗುವಂತೆ ಕೂರುತ್ತಾರೆ. ಟೀಚರ ಕುರ್ಚಿ ಖಾಲಿಯೇ ಇರುತ್ತದೆ. “ಈಗ ನಾನು ಎಂಟು ವರ್ಷದವಳು” ಎಂದು ನಗುತ್ತಾರೆ. ಆ ದಿನ ಮಕ್ಕಳು ತೆರೆಯಲಿರುವ ಪುಟಗಳಲ್ಲೆಲ್ಲ ಅವರಿಗಿಂತ ಮೊದಲು ಓಡಾಡಿ ಬರುವುದು ಗೇಟಕ್ಕನ ಕೆಲಸ. “ದೊಡ್ಡವರು ಒತ್ತಬೇಕಾದ ಕಡೆ ಒತ್ತುತ್ತಾರೆ. ಮಗು ಎಲ್ಲಿ ಹೊಳೆಯುತ್ತೋ ಅಲ್ಲಿ ಒತ್ತುತ್ತೆ. ಅದಕ್ಕೇ ನಾನೂ ಹೊಳೆಯೋದನ್ನೇ ಹುಡುಕಿ ಹುಡುಕಿ ಒತ್ತೋದು.”

ಇಂದು ಮೂರನೇ ತರಗತಿಗೆ ತಿಮಿಂಗಿಲದ ಪಾಠ. ನಿನ್ನೆ ಹಾಲಿನಷ್ಟು ಬೆಳ್ಳಗಿದ್ದ ಪುಟದ ಮೂಲೆಯಲ್ಲಿ ಇಂದು ಉಡುಗೊರೆಯ ಡಬ್ಬವೊಂದು ಕುಣಿಯುತ್ತಿದೆ. ಒತ್ತಿದರೆ ಹೆಸರು ಕೇಳುತ್ತದೆ, ಮತ್ತೊಮ್ಮೆ ಒತ್ತಿದರೆ ಮನೆ ವಿಳಾಸ. “ಬಂದ್ಯಾ ಕಳ್ಳ ಬೆಕ್ಕೇ” ಎನ್ನುತ್ತ ನೋಟ್‌ಬುಕ್ಕಿನಲ್ಲಿ ಅದಕ್ಕೊಂದು ಕಾಟು ಹಾಕಿ, ಬೇರೆ ತಿಮಿಂಗಿಲ ಹುಡುಕುತ್ತಾರೆ. ದಿನಕ್ಕೆ ಮೂವತ್ತು ನಲವತ್ತು ಪುಟ. ಅದರಲ್ಲಿ ನಾಲ್ಕೈದಕ್ಕೆ ಕಾಟು ಬಿದ್ದೇ ಬೀಳುತ್ತದೆ. ಒಂದರಿಂದ ಐದನೇ ತರಗತಿವರೆಗಿನ ನೂರ ಅರವತ್ತು ಮಕ್ಕಳಿಗೆ ಈ ಕಾವಲಿನ ಸುಳಿವೂ ಇಲ್ಲ.

ಆದರೆ ಇಂದು ಗೇಟಕ್ಕನ ಕಣ್ಣು ಮತ್ತೆ ಮತ್ತೆ ಗಡಿಯಾರದತ್ತ ಹೋಗುತ್ತಿದೆ. ಹತ್ತಕ್ಕೆ ಪೋಷಕರ ಸಭೆ. ಈ ಕೋಣೆಗೆ ಇಂಟರ್ನೆಟ್ ಇರಬೇಕೋ ಬೇಡವೋ ಎಂಬುದು ಅಲ್ಲಿ ತೀರ್ಮಾನವಾಗಲಿದೆ.

ಹೆಸರೇ ಹೇಳುವಂತೆ ಅವರು ಹನ್ನೊಂದು ವರ್ಷ ಶಾಲೆಯ ಗೇಟು ಕಾದವರು. ಯಾವ ಮಗು ಯಾರ ಕೈ ಹಿಡಿದು ಹೋಗಬೇಕು ಎಂಬುದು ಅವರಿಗೆ ಬಾಯಿಪಾಠ. “ಒಬ್ಬ ಬಂದು ‘ನಾನು ಇವಳ ಮಾವ’ ಅಂದ. ‘ಮಾವ ಆಗಿದ್ರೆ ಮಗು ಓಡಿ ಬರ್ಬೇಕಿತ್ತಲ್ಲಪ್ಪಾ, ನನ್ನ ಸೆರಗಿನ ಹಿಂದೆ ಯಾಕೆ ಅಡಗ್ತಿದೆ?’ ಅಂದೆ. ತಿರುಗಿ ನೋಡದೆ ಹೋದ.” ಆರು ವರ್ಷದ ಹಿಂದೆ ಮೆಟ್ಟಿಲಿಂದ ಜಾರಿ ಮೊಣಕಾಲು ಮುರಿಯಿತು. ಗೇಟಿನಲ್ಲಿ ನಿಲ್ಲುವ ಕೆಲಸ ಕೈತಪ್ಪಿತು. ಎಲ್ಲರೂ ದೊಡ್ಡ ಟೀಚರ್ ಎಂದು ಕರೆಯುವ ಮುಖ್ಯ ಶಿಕ್ಷಕಿ, ಧೂಳು ಹೊಡೆಯಲೆಂದು ಅವರನ್ನು ಈ ಕೋಣೆಯಲ್ಲಿ ಕೂರಿಸಿದರು. ಕಂಪ್ಯೂಟರ್ ಮೇಷ್ಟ್ರು ಬರುವುದು ವಾರಕ್ಕೆರಡೇ ದಿನ.

ಏಳನೇ ತರಗತಿಗೆ ಓದು ನಿಲ್ಲಿಸಿದ್ದ ಗೇಟಕ್ಕನಿಗೆ ಗುರುಗಳಾದವರು ಮಕ್ಕಳೇ. “ಅಕ್ಕಾ, ಮೌಸನ್ನ ನಿಂಬೆಹಣ್ಣು ಹಿಂಡಿದ ಹಾಗೆ ಹಿಂಡಬೇಡಿ, ರಸ ಬರಲ್ಲ” ಎಂದು ಬೈಸಿಕೊಂಡೇ ಕಲಿತರು. ಈಗ ಅವರ ವಿದ್ಯೆ ಮನೆಗೂ ಹಬ್ಬಿದೆ. ಬಸ್ ಓಡಿಸುವ ಗಂಡನದು ಒಂದೇ ದೂರು: “ನನ್ನ ಫೋನಿಗೆ ಎಷ್ಟು ಲಾಟರಿ ಬಂದಿತ್ತು ಗೊತ್ತಾ? ಎಲ್ಲಾ ಅಳಿಸಿಬಿಟ್ಟಳು ಮಹಾತಾಯಿ.”

ಇಷ್ಟು ಹುಷಾರಿನವರೂ ಎಡವಿದರು. ಆ ಕಥೆಯನ್ನು ಅವರು ಮುಚ್ಚಿಡುವುದಿಲ್ಲ.

ರಾಕ್ಷಸ ಬಂದರೆ ನೆಲ ನಡುಗುವುದು, ಮರ ಉರುಳುವುದು ಅಜ್ಜಿಕಥೆಯ ಮಾತು. ಈ ಕಾಲದ ರಾಕ್ಷಸ ಬಣ್ಣ ತುಂಬುವ ಆಟದೊಳಗೆ ‘ನಂಗೂ ಒಂಬತ್ತು ವರ್ಷ’ ಎಂದುಕೊಂಡು ಮೆಲ್ಲನೆ ಪಕ್ಕದಲ್ಲಿ ಬಂದು ಕೂರುತ್ತಾನೆ. ಆ ಆಟವನ್ನು ಗೇಟಕ್ಕ ಮುಂಜಾನೆ ಮೂರು ಸಲ ಆಡಿ ನೋಡಿದ್ದರು. ಏನೂ ಸಿಕ್ಕಿರಲಿಲ್ಲ. ಸಿಗುವುದಾದರೂ ಹೇಗೆ? ಇಬ್ಬರು ಆಡಿದಾಗ ಮಾತ್ರ ಅದರಲ್ಲಿ ಮಾತಿನ ಕಿಟಕಿ ತೆರೆಯುತ್ತದೆ. ಅವರು ಆಡುತ್ತಿದ್ದುದು ಒಬ್ಬರೇ.

ಮೂರನೇ ತರಗತಿಯಲ್ಲಿ ಮಾತಿನಮಲ್ಲಿ ಎಂದೇ ಹೆಸರಾದ ಹುಡುಗಿಯೊಬ್ಬಳಿದ್ದಾಳೆ, ಬಡಗಿಯ ಮಗಳು. ಎರಡು ವಾರದ ಹಿಂದೆ ಅವಳು ಇದ್ದಕ್ಕಿದ್ದಂತೆ ಮೂಗಿಯಾದಳು. ಒಂದೇ ಪೀರಿಯಡ್‌ನಲ್ಲಿ ಮೂರು ಸಲ ಪರದೆ ಆರಿಸಿದಳು. ಗೇಟಕ್ಕ ಪಕ್ಕದಲ್ಲಿ ಕೂತು ಬೆನ್ನು ಸವರಿದಾಗ ಅಳು ಉಕ್ಕಿತು. ಆಟದ ‘ಗೆಳತಿ’ ಶಾಲೆ ಯಾವುದೆಂದು ಕೇಳಿದ್ದಳು, ಇವಳು ಹೇಳಿದ್ದಳು. ಸಮವಸ್ತ್ರದ ಬಣ್ಣ ಕೇಳಿದ್ದಳು, ಅದನ್ನೂ ಹೇಳಿದ್ದಳು. ಈಗ ಫೋಟೊ ಬೇಕಂತೆ, ಅಮ್ಮನಿಗೆ ಹೇಳಬಾರದಂತೆ.

“ನಂಗ್ಯಾಕೆ ಮೊದಲೇ ಹೇಳ್ಲಿಲ್ಲ ಕಂದಾ?”

“ಬೇಡದ್ದು ಬಂದ್ರೆ ಪರದೆ ಆರಿಸಿ ಅಂತ ನೀವೇ ಹೇಳಿದ್ರಲ್ಲ ಅಕ್ಕಾ. ಆರಿಸಿದೆ. ಅದು ಮತ್ತೆ ಮತ್ತೆ ಬರ್ತಿದೆ.”

ಆ ಮಾತು ಇಂದಿಗೂ ಗೇಟಕ್ಕನ ಎದೆಯಲ್ಲಿ ಮುಳ್ಳಿನಂತೆ ಕೂತಿದೆ. ಅಂದೇ ಪರದೆಯ ಮೇಲಿದ್ದುದನ್ನೆಲ್ಲ ಹಾಗೇ ಉಳಿಸಿ ದೊಡ್ಡ ಟೀಚರಿಗೆ ತೋರಿಸಿದರು. ಪೊಲೀಸರಿಗೆ ದೂರು ಹೋಯಿತು, ಆಟದ ಬಾಗಿಲು ಮುಚ್ಚಿತು, ಮಗುವಿಗೆ ಏನೂ ಆಗಲಿಲ್ಲ. “ತಪ್ಪು ಮಗೂದಲ್ಲ. ಒಂದು ವರ್ಷ ಯಾರೂ ದೂರು ಹೇಳ್ಲಿಲ್ಲ ಅಂತ ಬೀಗ್ತಿದ್ದೆ. ದೂರನ್ನೇ ಆರಿಸೋಕೆ ಕಲಿಸಿದ್ದೆನಲ್ಲ!” ಮರುದಿನವೇ ನಿಯಮ ಬದಲಾಯಿತು: ಹೆಸರು ಕೇಳಿದರೆ, ಗುಟ್ಟು ಅಂದರೆ, ಯಾಕೋ ಹೆದರಿಕೆಯಾದರೆ, ಪರದೆ ಹಾಗೇ ಇರಲಿ, ಎರಡೂ ಕೈ ಮೇಲೆತ್ತಿ ಅಕ್ಕನನ್ನು ಕರೆಯಬೇಕು. ಕರೆದವರಿಗೆ ಬೈಗುಳವಿಲ್ಲ. ಉಳಿದ ಆಟಗಳನ್ನೂ ಈಗ ಅವರು ಮುಂಜಾನೆ ಎರಡು ಯಂತ್ರಗಳಲ್ಲಿ ಆಡಿ ನೋಡುತ್ತಾರೆ. ಇಲ್ಲಿ ಬರೆದು, ಕುಂಟುತ್ತ ಅಲ್ಲಿಗೆ ಹೋಗಿ, ತಮಗೆ ತಾವೇ ಉತ್ತರ ಕೊಟ್ಟುಕೊಳ್ಳುತ್ತಾರೆ.

ಹತ್ತು ಗಂಟೆಗೆ ಕೋಣೆ ತುಂಬುತ್ತದೆ. ಮೊದಲು ಎದ್ದು ನಿಲ್ಲುವವನು ಮಾತಿನಮಲ್ಲಿಯ ಅಪ್ಪ. “ವೈರ್ ಕಿತ್ತು ಬಿಸಾಕಿ, ಅಷ್ಟೇ. ಕಂಪ್ಯೂಟರ್ ಓದದೇ ಇರೋರನ್ನ ಕೂರಿಸಿದ್ರೆ ಇನ್ನೇನಾಗುತ್ತೆ?”

“ಹೌದು ಅಣ್ಣಾ, ನಾನು ಓದಿಲ್ಲ” ಎನ್ನುತ್ತಾರೆ ಗೇಟಕ್ಕ. “ತಪ್ಪೂ ನನ್ನದೇ. ಆದ್ರೆ ವೈರ್ ಕಿತ್ತ ಮೇಲೆ ಈ ಮಕ್ಕಳು ಎಲ್ಲಿ ನೋಡ್ತಾರೆ ಹೇಳಿ. ನಿಮ್ಮ ಫೋನಲ್ಲಿ, ಕಂಬಳಿಯೊಳಗೆ. ಅಲ್ಲಿ ಪಕ್ಕದಲ್ಲಿ ಯಾರು ಕೂತಿರ್ತಾರೆ?”

“ತೀರ್ಮಾನಕ್ಕೆ ಮೊದಲು ಒಂದು ಪೀರಿಯಡ್ ನೀವೇ ಕೂತು ನೋಡಿ” ಎಂದು ಗೇಟಕ್ಕ ಮಕ್ಕಳನ್ನು ಒಳಗೆ ಕರೆಯುತ್ತಾರೆ. ಅಪ್ಪ ಅಮ್ಮಂದಿರೆಲ್ಲ ಪುಟ್ಟ ಕುರ್ಚಿಗಳಲ್ಲಿ ಮುದುಡಿ ಕೂರುತ್ತಾರೆ. ಹಿಂದೆ ಮಕ್ಕಳು ನಿಲ್ಲುತ್ತಾರೆ. ಬಡಗಿ ಅನುಮಾನದಿಂದಲೇ, ಬಹಳ ದಿನದಿಂದ ಆಸೆಪಟ್ಟಿದ್ದ ಮರ ಕೊರೆಯುವ ಯಂತ್ರವನ್ನು ಹುಡುಕುತ್ತಾನೆ. ಸಿಗುತ್ತದೆ, ಅದೂ ಅರ್ಧ ಬೆಲೆಗೆ! ಕಿಟಕಿಯೊಂದು ತೆರೆದು ಹೆಸರು ಕೇಳುತ್ತದೆ. ಬರೆಯುತ್ತಾನೆ. ಫೋನ್ ನಂಬರು ಕೇಳುತ್ತದೆ. ನಾಲ್ಕು ಅಂಕಿ ಬರೆಯುವಷ್ಟರಲ್ಲಿ ಹಿಂದಿನಿಂದ ಚೀರುದನಿ.

“ಅಪ್ಪಾ, ಕೈ ತೆಗಿ! ಅಕ್ಕಾ, ಬೇಗ ಬನ್ನಿ, ನಮ್ಮಪ್ಪನ ಹತ್ರ ಹೆಸರು ಕೇಳ್ತಿದೆ!”

ಮಾತಿನಮಲ್ಲಿಯ ಎರಡೂ ಕೈ ಗಾಳಿಯಲ್ಲಿವೆ. ಕೋಣೆ ಗೊಳ್ಳೆಂದು ನಗುತ್ತದೆ. ಬಡಗಿಯ ಮುಖ ಕೆಂಪಾಗುತ್ತದೆ. ಆಮೇಲೆ ಅವನೂ ಮೆಲ್ಲನೆ ಎರಡು ಕೈ ಎತ್ತುತ್ತಾನೆ. “ಬೈಯಲ್ಲ ತಾನೇ ಅಕ್ಕಾ?”

“ಕರೆದೋರಿಗೆ ಬೈಯಲ್ಲ ಅಣ್ಣಾ. ಅದೇ ಇಲ್ಲಿಯ ಕಾನೂನು.”

ಇಂಟರ್ನೆಟ್ ಉಳಿಯುತ್ತದೆ. ಪ್ರತಿ ತರಗತಿಗೆ ಪೋಷಕರೊಬ್ಬರು ಬಂದು ಕೂರಬೇಕೆಂದು ದೊಡ್ಡ ಟೀಚರ್ ಪಟ್ಟಿ ತೆರೆಯುತ್ತಾರೆ. ಮೊದಲು ಸಹಿ ಹಾಕುವವನು ಬಡಗಿಯೇ. ಎಲ್ಲರೂ ಹೋದ ಮೇಲೆ ಗೇಟಕ್ಕ ಕುರ್ಚಿಗಳನ್ನು ಸಾಲಿಗೆ ಸರಿಸುತ್ತಾರೆ. ಇನ್ನೇನು ಬೇಕೆಂದು ಕೇಳಿದರೆ, ಕೈಯಲ್ಲಿದ್ದ ಕುರ್ಚಿಯನ್ನು ಕೆಳಗಿಟ್ಟು ಹೇಳುತ್ತಾರೆ:

“ಐದನೇ ಕ್ಲಾಸ್ ಮುಗಿಸಿ ಎಲ್ಲಾ ಹೋಗ್ತಾರೆ. ಎಲ್ಲೋ ಯಾವತ್ತೋ ಒಬ್ಬೊಬ್ಬರೇ ಕೂತಿರ್ತಾರೆ, ಪಕ್ಕದಲ್ಲಿ ಯಾರೂ ಇರಲ್ಲ. ಆಗ ನಾನು ನೆನಪಾಗೋದೇನೂ ಬೇಡ. ಯಾರನ್ನಾದ್ರೂ ಕರೆಯೋಕೆ ಕೈ ತಾನಾಗೇ ಮೇಲೆ ಎದ್ರೆ ಸಾಕು.”