ನಿಖಿಲನ ಮಾತ್ರೆಗಳು

ಸುಧಾ, ನಿನ್ನ ಮಗನಿಗೆ ಸೇರಬೇಕಾಗಿದ್ದ ಮಾತ್ರೆಗಳನ್ನು ನನ್ನ ಮಗಳಿಗೆ ನುಂಗಿಸಿದವಳು ನಾನು. ನಿನ್ನ ಚೀಲದಲ್ಲಿದ್ದ ಡಬ್ಬಿ ತೆಗೆದು, ಒಳಗಿದ್ದದ್ದನ್ನು ಅದಲುಬದಲು ಮಾಡಿದೆ — ಅದೂ ಒಂದು ಸಲವಲ್ಲ.

ನಮ್ಮ ಪರಿಚಯವಾದದ್ದೇ ಆಸ್ಪತ್ರೆಯ ಬೆಂಚಿನ ಮೇಲೆ. ನಿಖಿಲನಿಗೂ ನನ್ನ ಪಲ್ಲವಿಗೂ ಟೈಪ್ ಒನ್ ಡಯಾಬಿಟಿಸ್ ಎಂದು ಆಗಷ್ಟೇ ಗೊತ್ತಾಗಿತ್ತು. ಇಬ್ಬರೂ ಪ್ರೈಮರಿ ಶಾಲೆಯ ಮಕ್ಕಳು, ದಿನವೂ ಇನ್ಸುಲಿನ್ ಸೂಜಿ. ನೀನು ಕರೋಲ್ ಬಾಗಿನಿಂದ, ನಾನು ಮುಖರ್ಜಿ ನಗರದಿಂದ ಮೆಟ್ರೋದಲ್ಲಿ ಬರುತ್ತಿದ್ದೆವು. ಅಷ್ಟು ಹಿಂದಿಯ ಗದ್ದಲದಲ್ಲಿ ಕನ್ನಡ ಕಿವಿಗೆ ಬಿದ್ದದ್ದಕ್ಕೇ ನೀನು ನನ್ನನ್ನು ಅಕ್ಕ ಎಂದುಬಿಟ್ಟೆ.

ಮೈಯೊಳಗೆ ಇನ್ನೂ ಸ್ವಲ್ಪ ಉಳಿದಿರುವ ಇನ್ಸುಲಿನ್ ಉತ್ಪತ್ತಿಯನ್ನು ವಿಟಮಿನ್ ಕಾಪಾಡಬಹುದೇ ಎಂದು ಡಾಕ್ಟರು ಪ್ರಯೋಗ ನಡೆಸುತ್ತಿದ್ದರು. ನಮ್ಮ ಮಕ್ಕಳನ್ನೂ ಸೇರಿಸಿಕೊಂಡರು. ಕೆಲವರಿಗೆ ನಿಜವಾದ ವಿಟಮಿನ್, ಉಳಿದವರಿಗೆ ನೋಡಲು ಹಾಗೇ ಇರುವ, ಔಷಧಿಯೇ ಇಲ್ಲದ ಮಾತ್ರೆ. ಯಾರಿಗೆ ಯಾವುದೆಂದು ಪ್ರಯೋಗ ಮುಗಿಯುವವರೆಗೂ ಹೇಳುವಂತಿರಲಿಲ್ಲ.

ನಿಖಿಲನಿಗೆ ಬೇಕಾಗುವ ಇನ್ಸುಲಿನ್ ಇಳಿಯುತ್ತ ಬಂತು. ಪಲ್ಲವಿಗೆ ಏರುತ್ತ ಹೋಯಿತು. ಅವನದೇ ನಿಜವಾದದ್ದು ಎಂದುಕೊಂಡೆ. ರಕ್ತಪರೀಕ್ಷೆಗೆ ಅವನನ್ನು ಒಳಗೆ ಕರೆದೊಯ್ಯುವಾಗ, "ಅಕ್ಕ, ಚೀಲ ನೋಡ್ಕೊಳ್ಳಿ" ಎಂದು ನನ್ನ ಮಡಿಲಲ್ಲಿಟ್ಟು ಹೋದೆ ನೀನು. ಅವನ ಮಾತ್ರೆಗಳನ್ನು ಪಲ್ಲವಿಯ ಡಬ್ಬಿಗೆ, ಅವಳವನ್ನು ಅವನ ಡಬ್ಬಿಗೆ ಸುರಿದೆ. ಆಮೇಲೆ ಪ್ರತಿ ಸಲ ಹೊಸ ಡಬ್ಬಿ ಕೊಟ್ಟಾಗಲೂ ಅದನ್ನೇ ಮಾಡಿದೆ.

ಪಲ್ಲವಿಗೆ ಅದರಿಂದ ಏನೂ ಆಗಲಿಲ್ಲ. ಅವಳಿಗೆ ಬೇಕಾಗುವ ಇನ್ಸುಲಿನ್ ಏರುತ್ತಲೇ ಇತ್ತು. ಕೆಲವು ತಿಂಗಳಲ್ಲಿ ನಿಖಿಲನದೂ ಏರತೊಡಗಿತು. ನೀನು ಅದೇ ಬೆಂಚಿನ ಮೇಲೆ ಕೂತು ಅತ್ತೆ. "ಹುಟ್ಟುಹಬ್ಬ ಅಂತ ಜಾಮೂನು ತಿನ್ನೋಕೆ ಬಿಟ್ಟೆ ಅಕ್ಕ. ಅದಕ್ಕೇ ಹೀಗಾಯ್ತು."

ಜಾಮೂನಿನಿಂದ ಹಾಗಾಗುವುದಿಲ್ಲ, ಅದು ನನಗೆ ಗೊತ್ತಿತ್ತು. ನಾನು ಹೇಳಿದ್ದು ಇಷ್ಟೇ: "ಹೋಗ್ಲಿ ಬಿಡು ಸುಧಾ, ಆಗಿದ್ದು ಆಗಿಹೋಯ್ತು." ನಿನ್ನ ತಪ್ಪನ್ನು ದೊಡ್ಡ ಮನಸ್ಸಿನಿಂದ ಕ್ಷಮಿಸುವವಳ ಹಾಗೆ.

ಪ್ರಯೋಗ ಮುಗಿದ ಮೇಲೆ, ನಿಖಿಲನಿಗೆ ಕೊಟ್ಟದ್ದು ನಿಜವಾದ ವಿಟಮಿನ್ ಎಂದು ತಿಳಿಸಿದರು. ನೀನು ಪೂರ್ತಿ ಕುಸಿದುಹೋದೆ. "ಔಷಧಿ ಸಿಕ್ಕಿತ್ತಂತೆ ಅಕ್ಕ. ನಾನೇ ಹಾಳು ಮಾಡಿದೆ." ಅಂದಿನಿಂದ ನೀನು ಅವನ ಒಂದೊಂದು ತುತ್ತಿಗೂ ಕಾವಲು ಕೂತೆ. ಸ್ನೇಹಿತರ ಮನೆಗೆ ಕಳಿಸಲಿಲ್ಲ, ಶಾಲೆಯ ಪ್ರವಾಸಕ್ಕೂ ಬಿಡಲಿಲ್ಲ. ಈಗ ಕಾಲೇಜಿಗೆ ಹೋಗುವ ಹುಡುಗ ನಿನ್ನ ಎದುರು ಊಟಕ್ಕೇ ಕೂರುವುದಿಲ್ಲವಂತೆ. ಮೊನ್ನೆ ನೀನೇ ಫೋನಿನಲ್ಲಿ ಹೇಳಿದೆ — ತಟ್ಟೆ ಹಿಡಿದುಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ ಎಂದು. ಆಗಲೂ ನಾನು ಬರೀ ಹೂಂ ಎಂದೆ.

ಆ ಮಾತ್ರೆಗಳು ಅವನಿಗೇ ಸೇರಿದ್ದರೆ ಅವನ ಮೈಯೊಳಗಿನ ಇನ್ಸುಲಿನ್ ಇನ್ನಷ್ಟು ಕಾಲ ಉಳಿಯುತ್ತಿತ್ತೋ ಇಲ್ಲವೋ, ಡಾಕ್ಟರೂ ಹೇಳಲಾರರು. ನನ್ನಿಂದ ಅವರ ಲೆಕ್ಕವೂ ಕೆಟ್ಟಿತು. ಪಲ್ಲವಿಗೇ ಹಿಡಿಯಲಿಲ್ಲವಲ್ಲ ಎಂದು ಎಷ್ಟೋ ಸಲ ಸಮಾಧಾನ ಮಾಡಿಕೊಳ್ಳಲು ನೋಡಿದ್ದೇನೆ. ಆದರೆ ನೀನು ಅತ್ತದ್ದು, ಅವನು ನಿನ್ನಿಂದ ದೂರವಾದದ್ದು — ಅದನ್ನು ಹೇಳಲು ಯಾವ ಡಾಕ್ಟರೂ ಬೇಡ, ಅದು ನನ್ನದೇ ಕೆಲಸ.

ಈ ಭಾನುವಾರ ನಿಮ್ಮ ಮನೆಗೆ ಬರುತ್ತೇನೆ. ಇದರಿಂದ ಏನಾದರೂ ಸರಿಹೋದೀತು ಎಂಬ ನಂಬಿಕೆ ನನಗಿಲ್ಲ. ಆದರೆ ನಿಖಿಲ್ ಮನೆಯಲ್ಲಿರಲಿ. ಅವನ ಅಮ್ಮ ಏನೂ ತಪ್ಪು ಮಾಡಿಲ್ಲ ಎಂದು ಅವನು ನನ್ನ ಬಾಯಿಂದಲೇ ಕೇಳಬೇಕು.